ಕೊಬ್ಬರಿಯಾದ ಕಡ್ಡಿ

ನಮ್ಮ ತಿಪಟೂರು ಸೀಮೆಯ ಜನ ಕೈಗೆ ಏನು ಸಿಕ್ಕರೂ ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಬೆಂಕಿಪೊಟ್ಟಣವನ್ನು ಅಲ್ಲಾಡಿಸುವುದು ಲೋಕರೂಢಿ. ಔಷಧದ ಬಾಟಲಿಯನ್ನು ಅಲ್ಲಾಡಿಸಬೇಕೆಂದು ಅದರ ಮೈಮೇಲೆಯೇ ಬರೆದಿರುತ್ತದೆ. ಆದರೆ ನಮ್ಮವರು ಹೊಸ ಮೊಬೈಲನ್ನೂ ಅಲ್ಲಾಡಿಸುತ್ತಾರೆ, ಬೀಗರು ಕಳಿಸಿದ ಸಿಹಿಯ ಡಬ್ಬಿಯನ್ನೂ ಅಲ್ಲಾಡಿಸುತ್ತಾರೆ. ಒಮ್ಮೆ ನನ್ನ ಕಣ್ಣೆದುರಿಗೇ ಒಬ್ಬ ಹಿರಿಯರು ಅಂಗಡಿಯಲ್ಲಿ ಕ್ಯಾಲ್ಕುಲೇಟರೊಂದನ್ನು ಎತ್ತಿ ಅಲ್ಲಾಡಿಸಿ, ಸದ್ದು ಬಾರದಿದ್ದುದಕ್ಕೆ ಅಸಮಾಧಾನಗೊಂಡು ಹಿಂದಕ್ಕೆ ಕೊಟ್ಟರು. ಪರಸ್ಥಳದವರಿಗೆ ಇದು ವಿಚಿತ್ರವೆನಿಸಬಹುದು. ಕಾರಣ ನಮ್ಮೆಲ್ಲರ ನೆತ್ತಿಯ ಮೇಲೆಯೇ ಇದೆ.

ನೆತ್ತಿಯ ಮೇಲೆ ಎಂದರೆ ಅಟ್ಟದ ಮೇಲೆ. ಅಲ್ಲಿ ಸುಲಿಯದ ತೆಂಗಿನಕಾಯಿಗಳು ಹೆಚ್ಚುಕಡಿಮೆ ಒಂದು ವರ್ಷ ಯೋಗನಿದ್ರೆಯಲ್ಲಿ ಮಲಗಿರುತ್ತವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನ ಸಂಬಂಧವನ್ನು ಕಡಿದುಕೊಂಡು ಉಂಡೆಯಾಗಿ ಉರುಳಾಡತೊಡಗಿದರೆ ಕಾಯಿ ಕೊಬ್ಬರಿಯಾಯಿತೆಂದು ಅರ್ಥ. ಒಡೆದು ನೋಡುವಂತಿಲ್ಲ, ಒಡೆದರೆ ಕೆಟ್ಟಿತು. ಆದ್ದರಿಂದ ಅಲ್ಲಾಡಿಸಬೇಕು. ಕುಳುಕುಳು ಎಂದರೆ ಹಸಿ, ಗಡಗಡ ಎಂದರೆ ಕೊಬ್ಬರಿ. ಅಂತರಂಗವನ್ನು ಬಹಿರಂಗದಿಂದ ಅರಿಯುವ ವಿಚಾರಕ್ಕೆ ದಾರ್ಶನಿಕರು ಗ್ರಂಥಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ; ನಮ್ಮವರು ಮುಂಗೈಯನ್ನು ಎರಡು ಸಲ ಅಲುಗಿಸಿ ಮುಗಿಸುತ್ತಾರೆ. ನನ್ನ ಮಾವನವರು ಹೀಗೆ ಲೆಕ್ಕವಿಲ್ಲದಷ್ಟು ಕಾಯಿಗಳನ್ನು ಅಲ್ಲಾಡಿಸಿದ್ದವರು, ಅಳಿಯನನ್ನು ಆರಿಸುವಾಗ ಮಾತ್ರ ಯಾಕೋ ಆ ಎಚ್ಚರ ವಹಿಸಲಿಲ್ಲವೆಂದು ನನ್ನ ಹೆಂಡತಿ ಸರ್ವಮಂಗಳ ಮದುವೆಯಾದಂದಿನಿಂದ ಆಕ್ಷೇಪಿಸುತ್ತಾ ಬಂದಿದ್ದಾಳೆ.

ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ಛಂದಸ್ಸು ನನ್ನ ಮೆಚ್ಚಿನ ವಿಷಯ. ಸಾಲಿನಲ್ಲಿ ಒಂದು ಮಾತ್ರೆ ಹೆಚ್ಚಾದರೂ ನನ್ನ ಕಿವಿ ಕಂಡುಹಿಡಿಯುತ್ತದೆಂಬ ಜಂಬ ಇಂದಿಗೂ ಉಳಿದಿದೆ. ಇಂಥವನ ಕೈಗೆ ಟರ್ಬೊ ಇರುವ ಡೀಸೆಲ್ ಕಾರೊಂದು ಬಂದು ಸೇರಿದ್ದು ವಿಧಿವಿಲಾಸ. ಟರ್ಬೊ ಎಂದರೆ, ಇಂಜಿನ್ನು ಹೊರಬಿಟ್ಟ ಬಿಸಿಹೊಗೆಯಿಂದಲೇ ಒಂದು ಪುಟ್ಟ ಚಕ್ರವನ್ನು ತಿರುಗಿಸಿ, ಆ ಚಕ್ರದ ಬಲದಿಂದ ಇಂಜಿನ್ನಿಗೆ ಇನ್ನಷ್ಟು ಗಾಳಿಯನ್ನು ಊದಿಸುವ ಉಪಾಯ. ಬಿಟ್ಟ ಉಸಿರಿನಿಂದಲೇ ಬಲ ಪಡೆಯುವ ಈ ಪ್ರಾಣಾಯಾಮ ನನ್ನಂಥ ಸೋಮಾರಿಗೆ ತಾತ್ತ್ವಿಕವಾಗಿ ಬಹಳ ಹಿಡಿಸಿತು. ಆ ಹೊಗೆ ಮಿತಿಮೀರಿ ಕಾದರೆ ಚಕ್ರವೇ ಹಾಳಾಗುತ್ತದೆಂಬ ಉತ್ತರಾರ್ಧವನ್ನು ನಾನು ತಡವಾಗಿ ತಿಳಿದೆ.

ಈ ಕಾರಿನ ಯೋಗಕ್ಷೇಮವನ್ನು ನೋಡಿಕೊಳ್ಳುವವರು ಮೆಕ್ಯಾನಿಕ್ ಸಿದ್ದರಾಮಣ್ಣ. ಇದು ಅವರ ನಿಜವಾದ ಹೆಸರಲ್ಲ. ಅವರ ಗ್ಯಾರೇಜು ತಿಪಟೂರಿನ ಯಾವ ರಸ್ತೆಯಲ್ಲಿದೆಯೆಂಬುದನ್ನೂ ನಾನು ಹೇಳುವುದಿಲ್ಲ. ಯಾಕೆಂದು ಓದುಗರಿಗೆ ತಾವಾಗಿಯೇ ತಿಳಿಯುತ್ತದೆ. ಆ ಗ್ಯಾರೇಜಿಗೆ ಬೋರ್ಡಿಲ್ಲ, ಅವರ ಕಿವಿಯೇ ಬೋರ್ಡು. ಓಡುತ್ತಿರುವ ಇಂಜಿನ್ನಿನ ಮೇಲೆ ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಊರಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಒಂದು ನಿಮಿಷ ನಿಂತರೆಂದರೆ ಯಾವ ಭಾಗದಲ್ಲಿ ಏನು ನೋವೆಂಬುದು ಹೊರಬೀಳುತ್ತಿತ್ತು. ಕಂಪ್ಯೂಟರಿಗೆ ತಂತಿ ಜೋಡಿಸಿ ರೋಗ ಹೇಳುವ ಗ್ಯಾರೇಜುಗಳು ಊರಿಗೆ ಬಂದಿವೆ. ಆದರೂ ಅಲ್ಲಿಂದ ಹೊರಬಂದವರನ್ನು ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ಕೇಳುವ ಮೊದಲ ಪ್ರಶ್ನೆ, ‘ಸಿದ್ರಾಮಣ್ಣ ಕಿವಿ ಇಟ್ರಾ?’ ಎಂದೇ. ಅವರ ಅನ್ನವೂ ಮರ್ಯಾದೆಯೂ ಆ ಕಿವಿಯ ಮೇಲೆಯೇ ನಿಂತಿವೆ.

ಹೋದ ಬೇಸಗೆಯಲ್ಲಿ ನನ್ನ ಕಾರಿನ ಟರ್ಬೊ ಕಂದಿಕೆರೆಯ ಹತ್ತಿರ ನೀಲಿಹೊಗೆ ಉಗುಳಿ ಪ್ರಾಣ ಬಿಟ್ಟಿತು. ಹಿಂದಿನ ವಾರವಷ್ಟೇ ಸಿದ್ದರಾಮಣ್ಣ ಕಿವಿಯಿಟ್ಟು, ‘ಗಿಣಿ ಇದ್ದಂಗೈತೆ ಬುಡಿ ಮೇಷ್ಟ್ರೇ’ ಎಂದು ಕಳಿಸಿದ್ದರು. ಆ ವಾರವೆಲ್ಲ ಸರ್ವಮಂಗಳ, ‘ಯಾಕೋ ಸೊಳ್ಳೆ ಥರ ಕುಂಯ್ ಅಂತೈತೆ ಕಣ್ರೀ ಕಾರು’ ಎನ್ನುತ್ತಿದ್ದಳು. ನುರಿತವರ ನಿರ್ಣಯದ ಮುಂದೆ ಸೊಳ್ಳೆಯ ಸಾಕ್ಷ್ಯ ನಿಲ್ಲದೆಂದು ನಾನು ತಳ್ಳಿಹಾಕಿದ್ದೆ. ಕೆಟ್ಟ ಟರ್ಬೊವನ್ನು ಬಿಚ್ಚಿ ಕೈಯಲ್ಲಿ ಹಿಡಿದಾಗ ಸಿದ್ದರಾಮಣ್ಣ ಬಹಳ ಹೊತ್ತು ಅದನ್ನು ಬೆರಳಿನಿಂದ ಸವರುತ್ತಾ ನಿಂತರು. ಕಬ್ಬಿಣವನ್ನು ಕಂಡು ಕರಗುವ ಕಲಾವಿದನ ಹೃದಯವೆಂದು ನಾನು ಅದಕ್ಕೊಂದು ಭಾಷ್ಯ ಬರೆದುಕೊಂಡೆ.

ಹೊಸ ಟರ್ಬೊ ಬಂತು, ಅದರ ಜೊತೆಗೆ ನನ್ನೊಳಗೆ ಭಯವೂ ಬಂತು. ಇಂಟರ್‌ನೆಟ್ಟಿನಲ್ಲಿ ಕೂತು ಓದಿದಷ್ಟೂ ಜಗತ್ತಿನ ಸಮಸ್ತ ಟರ್ಬೊಗಳು ಸಾಯಲೆಂದೇ ಹುಟ್ಟಿದಂತೆ ಕಂಡವು. ಹೊಗೆಯ ಹಾದಿಯಲ್ಲಿ ಒಂದು ಕಡ್ಡಿಯನ್ನು ಕೂರಿಸಿ ಅದರ ಉಷ್ಣತೆಯನ್ನು ಡ್ರೈವರನ ಕಣ್ಣೆದುರಿಗೆ ಅಂಕಿಗಳಲ್ಲಿ ತೋರಿಸುವ ಮೀಟರೊಂದಿದೆಯೆಂದು ಅಲ್ಲಿಯೇ ಗೊತ್ತಾಯಿತು. ಬೆಟ್ಟಗುಡ್ಡ ಹತ್ತುವವರಿಗೆ, ಭಾರ ಎಳೆಯುವವರಿಗೆ ಅದು ಬೇಕಂತೆ. ನಾನು ಹತ್ತುವ ಅತಿ ದೊಡ್ಡ ಏರೆಂದರೆ ನಮ್ಮ ಮನೆಯ ಗೇಟಿನ ಮುಂದಿನ ಇಳಿಜಾರು ಕಲ್ಲು. ಎಳೆಯುವ ಭಾರವೆಂದರೆ ಹಾಲ್ಕುರಿಕೆಯ ಹತ್ತಿರದ ತೋಟದಿಂದ ತರುವ ಅರ್ಧ ಚೀಲ ಕಾಯಿ. ಆದರೆ ಭಯಕ್ಕೆ ಭೂಗೋಳ ಗೊತ್ತಿಲ್ಲ.

ಇದನ್ನು ಸಿದ್ದರಾಮಣ್ಣನಿಗೆ ಹೇಳುವುದೇ ಕಷ್ಟವಾಗಿತ್ತು. ಕಿವಿಯಿಂದ ಬದುಕಿದವರ ಮುಂದೆ ಮೀಟರಿನ ಮಾತೆತ್ತುವುದು ಪುರೋಹಿತರ ಮನೆಗೆ ಪಂಚಾಂಗದ ಆ್ಯಪ್ ಹಿಡಿದುಕೊಂಡು ಹೋದಂತೆ. ಅರ್ಧ ಗಂಟೆ ಪೀಠಿಕೆ ಹಾಕಿದೆ. ಅವರು ಕೈ ಒರೆಸಿಕೊಳ್ಳುತ್ತಾ, ‘ಹಾಕ್ಸಿ. ಒಂದಲ್ಲ, ಎರಡು ತರ್ಸಿ. ಟರ್ಬೊ ಮುಂದ್ಕೊಂದು, ಹಿಂದ್ಕೊಂದು’ ಎಂದುಬಿಟ್ಟರು. ಸಂಪ್ರದಾಯದ ಕೋಟೆಯೊಂದನ್ನು ಬರಿಯ ವಾಗ್ಬಲದಿಂದ ವಿಜ್ಞಾನಕ್ಕೆ ಗೆದ್ದುಕೊಟ್ಟೆನೆಂದು ನಾನು ಬೀಗುತ್ತಾ ಮನೆಗೆ ಬಂದೆ. ಆ ವಿಜಯೋತ್ಸಾಹವನ್ನು ನೆನೆದರೆ ಈಗ ಮುಖ ಬಿಸಿಯಾಗುತ್ತದೆ. ಅದನ್ನು ಅಳೆಯುವ ಮೀಟರು ಸದ್ಯ ಬಂದಿಲ್ಲ.

ಪಾರ್ಸೆಲ್ಲು ಬಂತು. ತಂದವನು ಬಾಗಿಲಲ್ಲೇ ಅಲ್ಲಾಡಿಸಿ, ‘ಏನೋ ಐತೆ ಒಳಗೆ’ ಎಂದು ಕೊಟ್ಟ. ಒಳಗೆ ಬೆರಳುದ್ದದ ಎರಡು ಉಕ್ಕಿನ ಕಡ್ಡಿಗಳು, ಪ್ರತಿಯೊಂದಕ್ಕೂ ಬಾಲದಂತೆ ತಂತಿ, ಜೊತೆಗೊಂದು ಪುಟ್ಟ ಮೀಟರು. ಸರ್ವಮಂಗಳ ಮೊದಲನೆಯದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಗಿಲಿಗಿಲಿ ಎಂದಿತು. ಎರಡನೆಯದನ್ನು ಅಲ್ಲಾಡಿಸಿದಳು; ಸದ್ದಿಲ್ಲ. ‘ಮೊದಲ್ನೇದು ಕೊಬ್ಬರಿ ಆಗೈತೆ ಕಣ್ರೀ, ಇದಿನ್ನೂ ಹಸಿ’ ಎಂದು ತೀರ್ಪಿತ್ತಳು. ನಗಬೇಡಿ. ನಾನೂ ಅಲ್ಲಾಡಿಸಿ ನೋಡಿದೆ, ನನಗೂ ಹಾಗೆಯೇ ಅನ್ನಿಸಿತು. ಹುಟ್ಟಿದಾಗಿನಿಂದ ಗಡಗಡವೇ ಶುಭವೆಂದು ನಂಬಿದ ಕಿವಿಗಳವು. ನಾನು ಆ ಕೂಡಲೇ ಕಂಪನಿಯವರಿಗೆ, ತಾವು ಕಳಿಸಿದ ಎರಡು ಕಡ್ಡಿಗಳಲ್ಲಿ ಒಂದು ಸದ್ದು ಮಾಡುತ್ತಿಲ್ಲ, ದಯವಿಟ್ಟು ಬದಲಿಸಿಕೊಡಿ ಎಂದು ಸವಿನಯವಾದ ದೂರು ಬರೆದೆ.

ಉತ್ತರ ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಗ್ಯಾರೇಜಿಗೆ ಒಯ್ದೆ. ಸಿದ್ದರಾಮಣ್ಣ ಎರಡು ಕಡ್ಡಿಗಳನ್ನೂ ಒಂದಾದ ಮೇಲೊಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ‘ಎರಡೂ ಒಂದೇ ಥರ ಅವೆ ಬುಡಿ’ ಎಂದರು. ಮೂರಡಿ ದೂರ ನಿಂತ ನನಗೆ ಒಂದರ ಗಿಲಿಗಿಲಿ ಸ್ಪಷ್ಟವಾಗಿ ಕೇಳಿಸಿತ್ತು. ಸದ್ದನ್ನೂ ಮೌನವನ್ನೂ ಸಮನಾಗಿ ಕಾಣುವ ಸ್ಥಿತಪ್ರಜ್ಞತೆ ಎಂದುಕೊಂಡೆ. ಭಾಷ್ಯಕಾರರಿಗೆ ಇರುವ ಕಾಯಿಲೆಯೇ ಇದು. ಎದುರಿಗೆ ಇರುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ.

ಕೆಲಸ ಎರಡು ದಿನ ಹಿಡಿಯಿತು. ಇಂಜಿನ್ನಿನ ಹೊಗೆಯೆಲ್ಲ ಬಂದು ಕೂಡುವ ಎರಕದ ಕಬ್ಬಿಣದ ಕೊಳವೆಯನ್ನು, ಮ್ಯಾನಿಫೋಲ್ಡ್ ಎನ್ನುತ್ತಾರೆ, ಅವರು ಪೂರ್ತಿ ಬಿಚ್ಚಿ ಬೆಂಚಿನ ಮೇಲಿಟ್ಟರು. ಇದ್ದಲ್ಲೇ ತೂತು ಕೊರೆಯಬಹುದಲ್ಲವೇ ಎಂದೆ. ಒಂದು ಚೂರು ಕಬ್ಬಿಣದ ಪುಡಿ ಒಳಗೆ ಬಿದ್ದರೂ ಹೊಸ ಟರ್ಬೊದ ರೆಕ್ಕೆ ಮುರಿಯುತ್ತದೆಂದು ವಿವರಿಸಿದರು. ಬಿಚ್ಚಿದ ಮೇಲೂ ಡ್ರಿಲ್ಲಿನ ತುದಿಗೆ ಗ್ರೀಸ್ ಮೆತ್ತಿ, ಪುಡಿಯೆಲ್ಲ ಅದಕ್ಕೇ ಅಂಟುವಂತೆ ಮಾಡಿ, ನಾಲ್ಕು ಸುತ್ತಿಗೊಮ್ಮೆ ಹೊರತೆಗೆದು ಒರೆಸಿ, ಮತ್ತೆ ಮೆತ್ತಿ ಕೊರೆದರು. ಕಡ್ಡಿಯನ್ನು ತಿರುಗಿಸಿ ಕೂರಿಸಲು ತಿರುಪಿನ ಗೆರೆಗಳನ್ನು ಕೊರೆದಾದ ಮೇಲೆ ಕಿರುಬೆರಳನ್ನು ತೂತಿನೊಳಗೆ ಆಡಿಸಿ, ಕಣ್ಣು ಮುಚ್ಚಿ, ಕೂಸಿನ ಬಾಯಲ್ಲಿ ಹೊಸ ಹಲ್ಲು ಹುಡುಕುವಂತೆ ಉಳಿದ ಪುಡಿಯನ್ನು ಹುಡುಕಿದರು. ಟರ್ಬೊಗಿಂತ ಮುಂಚಿನ, ಅತಿ ಹೆಚ್ಚು ಕಾಯುವ ಆ ಗೌರವದ ಸ್ಥಾನದಲ್ಲಿ ‘ಕೊಬ್ಬರಿ’ಯಾದ ಕಡ್ಡಿಯನ್ನೇ ಕೂರಿಸಬೇಕೆಂದು ನಾನು ಪಟ್ಟುಹಿಡಿದೆ. ಹಸಿಯದಕ್ಕೆ ಟರ್ಬೊದ ಹಿಂದೆ, ಸೈಲೆನ್ಸರಿನ ಕೊಳವೆಯಲ್ಲಿ ಜಾಗವಾಯಿತು. ಇಡೀ ಕಾರ್ಯದಲ್ಲಿ ನನ್ನ ಪಾಲು ಟಾರ್ಚು ಹಿಡಿದದ್ದು ಮತ್ತು ಈ ಸಲಹೆ. ಟಾರ್ಚಿನಿಂದ ಯಾವ ತೊಂದರೆಯೂ ಆಗಲಿಲ್ಲ.

ಆ ಭಾನುವಾರ ಹುಳಿಯಾರಿನ ನೆಂಟರ ಮನೆಗೆ ಹೊರಟೆವು. ಬರುವಾಗ ಬೋರನಕಣಿವೆ ಅಣೆಕಟ್ಟಿನ ನೀರು ನೋಡಿಕೊಂಡು ಬರುವುದೆಂದು ಮಾತಾಗಿತ್ತು. ಊರು ದಾಟುವ ಮೊದಲೇ ಮೀಟರಿನ ಮೇಲಿನ ಸಾಲು ಇನ್ನೂರು ಡಿಗ್ರಿಯಿಂದ ಒಂಬೈನೂರಕ್ಕೆ ಹಾರಿ, ಅಲ್ಲಿಂದ ನೂರಕ್ಕೆ ಬಿದ್ದು, ಮತ್ತೆ ಹಾರಿತು. ಕೆಳಗಿನ ಸಾಲು, ಹಸಿ ಕಡ್ಡಿಯದು, ಏನೂ ಆಗದವರಂತೆ ನೆಮ್ಮದಿಯಾಗಿತ್ತು. ನಾನು ಬೆವೆತೆ. ಎತ್ತಿನಗಾಡಿಯ ವೇಗಕ್ಕೆ ಇಳಿದೆ. ಚಿಕ್ಕನಾಯಕನಹಳ್ಳಿ ತಲುಪುವಷ್ಟರಲ್ಲಿ ನಾಲ್ಕು ಕಡೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಿದೆ. ಎತ್ತಿ ನೋಡಿದರೆ ನನಗೆ ತಿಳಿಯುವುದೇನು? ಆದರೂ ನೋಡದಿದ್ದರೆ ಜನ ಏನೆಂದುಕೊಂಡಾರು! ಐದನೆಯ ಸಲ ನಿಲ್ಲಿಸಿದಾಗ ಸರ್ವಮಂಗಳ, ‘ಜ್ವರ ಬಂದಿರೋದು ಇಂಜಿನ್ನಿಗಲ್ಲ ಕಣ್ರೀ, ನಿಮಗೆ’ ಎಂದಳು. ಸ್ವಲ್ಪ ಹೊತ್ತಿನ ಮೇಲೆ, ‘ಅದ್ಯಾಕೆ ರೋಡಲ್ಲಿ ಗುಂಡಿ ಬಂದಾಗ ಮಾತ್ರ ಬಿಸಿ ಆಗುತ್ತೆ ಇದು?’ ಎಂದು ಕೇಳಿದಳು. ಭೌತಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಕೇಳಿಲ್ಲ. ಬೋರನಕಣಿವೆಯನ್ನು ನೋಡುವುದು ಅಲ್ಲಿಗೇ ನಿಂತಿತು.

ಮನೆಗೆ ಬಂದಾಗ ಕಂಪನಿಯವರ ಉತ್ತರ ಬಂದಿತ್ತು. ಕಡ್ಡಿ ಸದ್ದು ಮಾಡಕೂಡದು. ಸದ್ದು ಮಾಡಿದರೆ ಒಳಗೆ ಮುರಿದಿದೆಯೆಂದು ಅರ್ಥ. ಅಂಥದ್ದನ್ನು ಯಾವ ಕಾರಣಕ್ಕೂ ಹಾಕಬೇಡಿ ಎಂದಿತ್ತು. ನಾನು ಗಟ್ಟಿಯಾಗಿ ಓದಿ ಹೇಳಿ, ನಮ್ಮ ಸೀಮೆಯ ಶ್ರವಣಶಾಸ್ತ್ರದ ಮೇಲೆ ಚಟಾಕಿ ಹಾರಿಸಲು ಬಾಯಿ ತೆರೆದೆ. ಸರ್ವಮಂಗಳ ನಗಲಿಲ್ಲ. ‘ಸಿದ್ರಾಮಣ್ಣ ಅಲ್ಲಾಡ್ಸಿ ನೋಡ್ಲಿಲ್ವಾ?’ ಎಂದಳು. ನೋಡಿದರು, ಎರಡೂ ಒಂದೇ ಥರ ಇವೆ ಎಂದರು, ಎಂದೆ. ಅವಳು ಕಣ್ಣೆತ್ತಿ ಅಟ್ಟದ ಕಡೆ ನೋಡಿದಳು. ಆಮೇಲೆ, ಅವರನ್ನು ನಾಳೆ ಮನೆಗೆ ಬರಹೇಳಿ ಎಂದಳು.

ಸಿದ್ದರಾಮಣ್ಣ ಬಂದರು. ಕಾಫಿ ಕೊಟ್ಟ ಮೇಲೆ ಸರ್ವಮಂಗಳ ಅಟ್ಟದಿಂದ ಒಂದು ಕಾಯಿ ಇಳಿಸಿ ತಂದು, ‘ಇದು ಆಗೈತಾ ನೋಡಿ ಸಿದ್ರಾಮಣ್ಣ’ ಎಂದು ಕೊಟ್ಟಳು. ಅವಳು ನಡೆದು ಬರುವಾಗಲೇ ಅದರೊಳಗೆ ನೀರು ಕುಳುಕಾಡುವುದು ನನಗೆ ಕೇಳಿಸುತ್ತಿತ್ತು. ಅವರು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದರು. ಕಾಯಿಯನ್ನು ನೋಡಲಿಲ್ಲ, ನಮ್ಮಿಬ್ಬರ ಮುಖ ನೋಡಿದರು. ‘ಆಗೈತೆ ಕಣಕ್ಕ’ ಎಂದರು. ಸರ್ವಮಂಗಳ ಇಲ್ಲವೆಂದು ತಲೆಯಾಡಿಸಿದಳು. ಅವರು ಕಾಯಿಯನ್ನು ಮೆಲ್ಲಗೆ ಜಗಲಿಯ ಮೇಲಿಟ್ಟರು.

‘ಎಡಗಿವಿ ಹೋಗಿ ಮೂರು ವರ್ಷ ಆಯ್ತು ಕಣಕ್ಕ. ಬಲಗಿವಿ ಈ ವರ್ಷ’ ಎಂದರು. ಆಮೇಲೆ ನನ್ನ ಕಡೆ ತಿರುಗಿ, ‘ನಿಮ್ ಟರ್ಬೊ ಕೂಗ್ಕೊಂಡೇ ಸತ್ತಿರ್ಬೇಕು ಮೇಷ್ಟ್ರೇ. ನಂಗೆ ಕೇಳ್ಲಿಲ್ಲ. ಅದುಕ್ಕೇ ನೀವು ಮೀಟ್ರು ಅಂದಾಗ ಉಸ್ರು ಬಂದಂಗಾಯ್ತು’ ಎಂದರು. ಎದುರಿಗಿದ್ದವರ ಮಾತನ್ನು ಅವರು ತುಟಿ ನೋಡಿಯೇ ತಿಳಿಯುತ್ತಿದ್ದರಂತೆ. ಕಿವಿಗೆ ಹಾಕುವ ಮಿಷನ್ನನ್ನೂ ತರಿಸಿದ್ದರಂತೆ. ಅದರಲ್ಲಿ ಮಾತು ಕೇಳುತ್ತದೆ, ಇಂಜಿನ್ನು ಮಾತ್ರ ಸಂತೆಯಂತೆ ಒಂದೇ ಗದ್ದಲವಾಗಿ ಕೇಳುತ್ತದೆ. ‘ಅದೂ ಅಲ್ದೆ, ಕಿವೀಗೆ ಮಿಷನ್ ಹಾಕ್ಕಂಡೋನ ಹತ್ರ ಇಂಜಿನ್ ಕೇಳ್ಸಕ್ಕೆ ಯಾರು ಬತ್ತಾರೆ ಹೇಳಿ?’ ಎಂದು ನಗಲು ನೋಡಿದರು. ನಗು ಬರಲಿಲ್ಲ.

ನನಗೆ ನಾಚಿಕೆಯಾಯಿತು. ನನ್ನ ವಾಗ್ಬಲ ಯಾವ ಕೋಟೆಯನ್ನೂ ಗೆದ್ದಿರಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿಯೆಂಬಂತೆ ಅವರು ಆ ಉಕ್ಕಿನ ಕಡ್ಡಿಯನ್ನು ಹಿಡಿದಿದ್ದರು. ಆ ಕಡ್ಡಿಯೂ ಮುರಿದದ್ದೇ ಆಗಿ, ಅದನ್ನೇ ಹಾಕಿಯೆಂದು ಪಟ್ಟುಹಿಡಿದವನು ನಾನೇ ಆಗಿದ್ದೆ.

ಸರ್ವಮಂಗಳ ಅವರೆದುರಿಗೆ ಕೂತು, ತುಟಿ ಕಾಣುವಂತೆ ನಿಧಾನವಾಗಿ, ‘ನಾನು ಹಿಂಗೆ ಪರೀಕ್ಷೆ ಮಾಡ್ಬಾರ್ದಾಗಿತ್ತು, ತಪ್ಪಾಯ್ತು’ ಎಂದಳು. ಒಳಗೆ ಹೋಗಿ ಇನ್ನೊಂದು ಕಾಯಿ ತಂದು ಎರಡನ್ನೂ ಅವರ ಎರಡು ಅಂಗೈಗಳ ಮೇಲಿಟ್ಟಳು. ‘ಕಿವೀಲಿ ಕೇಳ್ಬೇಡಿ. ಕೈಲಿ ಅಲ್ಲಾಡ್ಸಿ, ಕೈಲೇ ನೋಡಿ. ನಮ್ಮತ್ತೆ ಹಂಗೇ ಮಾಡ್ತಿದ್ರು. ಕೊನೇ ಹತ್ತು ವರ್ಷ ಅವ್ರಿಗೆ ಏನೇನೂ ಕೇಳ್ತಿರ್ಲಿಲ್ಲ. ಅಟ್ಟದ ಕಾಯೆಲ್ಲ ಅವ್ರೇ ಆರಿಸ್ತಿದ್ರು. ಕಿವಿ ಹತ್ರ ಹಿಡೀತಿದ್ದದ್ದು ನೋಡೋರ ಸಮಾಧಾನಕ್ಕೆ.’

ಅವಳ ಅತ್ತೆಯೆಂದರೆ ನನ್ನ ತಾಯಿ. ನನ್ನ ತಾಯಿಗೆ ಕಿವಿ ಕೇಳುತ್ತಿರಲಿಲ್ಲವೆಂಬ ಸಂಗತಿ, ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಮೆಕ್ಯಾನಿಕ್ಕಿಗೆ ಹೇಳುತ್ತಿರುವಾಗ ಪಕ್ಕದಲ್ಲಿ ನಿಂತಿದ್ದ ಕಾರಣಕ್ಕೆ ನನಗೆ ತಿಳಿಯಿತು. ನನಗೆ ಯಾಕೆ ಹೇಳಲಿಲ್ಲ ಎಂದೆ. ‘ಹೇಳ್ಬೇಡ ಅಂದಿದ್ರು. ದಿನಾ ಊಟಕ್ಕೆ ಕೂತಾಗ ಪದ್ಯ ಓದ್ತಿದ್ರಲ್ಲ ನೀವು. ಕೇಳ್ತಿಲ್ಲ ಅಂತ ಗೊತ್ತಾದ್ರೆ ಓದೋದು ಬಿಟ್ಬಿಡ್ತಾನೆ ಅಂತ.’

ಹತ್ತು ವರ್ಷ ಆಕೆ ನನ್ನೆದುರು ಕೂತು, ಸರಿಯಾದ ಜಾಗದಲ್ಲೇ ತಲೆದೂಗುತ್ತಿದ್ದರು. ಇಂಥ ರಸಿಕತೆ ನನ್ನ ಯಾವ ವಿದ್ಯಾರ್ಥಿಗೂ ಇಲ್ಲವೆಂದು ನಾನು ಕಂಡಕಂಡವರಿಗೆ ಹೇಳಿಕೊಂಡು ತಿರುಗುತ್ತಿದ್ದೆ. ಆಕೆ ಕೇಳುತ್ತಿದ್ದುದು ನನ್ನ ಪದ್ಯವನ್ನಲ್ಲ. ಏರಿಳಿಯುವ ನನ್ನ ಕೈಯನ್ನು, ಹಿಗ್ಗುವ ನನ್ನ ಮುಖವನ್ನು ನೋಡುತ್ತಿದ್ದರು. ಒಂದು ಮಾತ್ರೆಯ ವ್ಯತ್ಯಾಸವನ್ನು ಹಿಡಿಯುವ ನನ್ನ ಕಿವಿ ಹತ್ತು ವರ್ಷದ ಆ ಮೌನವನ್ನು ಹಿಡಿಯಲಿಲ್ಲ. ಆ ಮಧ್ಯಾಹ್ನ ನನಗೆ ಬಹಳ ದುಃಖವಾಯಿತು.

ಅಷ್ಟರಲ್ಲಿ ಸಿದ್ದರಾಮಣ್ಣ ಕಣ್ಣು ಮುಚ್ಚಿ ಎರಡು ಕಾಯಿಗಳನ್ನೂ ಅಂಗೈಯಲ್ಲಿ ಮೆಲ್ಲಗೆ ಅಲುಗಿಸುತ್ತಿದ್ದರು. ತೂತಿನಲ್ಲಿ ಕಿರುಬೆರಳಾಡಿಸಿದಾಗ ಅವರ ಮುಖ ಹೇಗಿತ್ತೋ ಹಾಗೆಯೇ ಇತ್ತು. ಬಲಗೈಯದನ್ನು ಮುಂದೆ ಚಾಚಿ, ‘ಇದು ತಟ್ತೈತೆ. ಅದು ಜಾರ್ತೈತೆ’ ಎಂದರು. ಬಲಗೈಯಲ್ಲಿದ್ದುದು ಕೊಬ್ಬರಿ.

ನಾನು ಮತ್ತೆ ಬರೆದ ಮೇಲೆ, ಮರುವಾರ ಕಂಪನಿಯವರು ಮುರಿದದ್ದಕ್ಕೆ ಬದಲಿ ಕಡ್ಡಿ ಕಳಿಸಿದರು. ತಂದವನು ಅಲ್ಲಾಡಿಸಿದ, ಸರ್ವಮಂಗಳ ಅಲ್ಲಾಡಿಸಿದಳು, ನಾನೂ ಅಲ್ಲಾಡಿಸಿದೆ. ಸದ್ದು ಬಾರದಿದ್ದುದಕ್ಕೆ ಮೂವರೂ, ವಂಶಪಾರಂಪರ್ಯದ ಸಂಕಟವನ್ನು ನುಂಗಿಕೊಂಡು, ಸಂತೋಷಪಟ್ಟೆವು. ಗ್ಯಾರೇಜಿಗೆ ಹೋದಾಗ ತುರುವೇಕೆರೆಯ ಕಡೆಯವರೊಬ್ಬರು ತಮ್ಮ ಜೀಪು ತಂದು ಕಾಯುತ್ತಿದ್ದರು. ಸಿದ್ದರಾಮಣ್ಣ ಹಳೆಯ ಕಡ್ಡಿಯನ್ನು ಬಿಚ್ಚಿ, ಆರಿದ ಮೇಲೆ ಬೆಂಚಿನ ಮೇಲಿಟ್ಟರು. ನಾನು ಹೊಸದನ್ನು ಜೇಬಿನಿಂದ ತೆಗೆದು ಅದರ ಪಕ್ಕದಲ್ಲೇ ಇಟ್ಟೆ. ಇಟ್ಟ ಮೇಲೆ ಮಾಡಿದ ಎಡವಟ್ಟು ತಿಳಿಯಿತು. ಹಳೆಯದನ್ನು ಅವರು ಆಗಲೇ ಉಜ್ಜಿ ಹೊಳೆಯುವಂತೆ ಮಾಡಿದ್ದರು; ಈಗ ಯಾವುದು ಯಾವುದೆಂದು ನನಗೇ ತಿಳಿಯದು, ಕೇಳೋಣವೆಂದರೆ ತುರುವೇಕೆರೆಯವರು ನೆಟ್ಟ ಕಣ್ಣಿನಿಂದ ನೋಡುತ್ತಿದ್ದಾರೆ. ಇಲ್ಲಿ ತಪ್ಪಿದರೆ ಸಂಜೆಯೊಳಗೆ ಸುದ್ದಿ ಮೂರು ತಾಲ್ಲೂಕಿಗೂ ಮುಟ್ಟುತ್ತದೆ.

ಸಿದ್ದರಾಮಣ್ಣ ಎಂದಿನ ಗತ್ತಿನಲ್ಲಿ ಒಂದು ಕಡ್ಡಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಇನ್ನೊಂದನ್ನೂ ಹಾಗೆಯೇ ಅಲ್ಲಾಡಿಸಿದರು. ಅವರ ಬೆರಳ ತುದಿಗಳು ಉಕ್ಕನ್ನು ಎಷ್ಟು ಹಗುರವಾಗಿ ಹಿಡಿದಿದ್ದವೆಂಬುದನ್ನು ನಾನೊಬ್ಬನೇ ನೋಡಿದೆ. ಎರಡನೆಯದನ್ನು ನನ್ನ ಕೈಗೆ ಕೊಟ್ಟು, ‘ಇದು ಕೊಬ್ಬರಿ ಆಗೋಗೈತೆ ಕಣ್ರೀ ಮೇಷ್ಟ್ರೇ. ಅಕ್ಕಂಗೆ ಕೊಡಿ, ತುರ್ಕೊಳ್ಳಿ’ ಎಂದರು.

ಅಲುಗಿಸಿ ನೋಡಿದೆ. ಗಿಲಿಗಿಲಿ ಎಂದಿತು.

‘ಏನ್ ಕಿವಿ ಕಣಪ್ಪ ಇವ್ರುದು!’ ಎಂದರು ತುರುವೇಕೆರೆಯವರು, ನನ್ನ ಒಪ್ಪಿಗೆಗಾಗಿ ನನ್ನತ್ತ ನೋಡುತ್ತಾ. ನಾನು ಹೌದೆಂದು ಜೋರಾಗಿ ತಲೆ ಅಲ್ಲಾಡಿಸಿದೆ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ನಾನಿನ್ನೂ ಹಸಿಯೆಂದು ಕಾಣುತ್ತದೆ.